ಅರಿಶಿನದ ಮೂರು ಲೋಟ

ಒಂದು ಚಿಟಿಕೆ ಅರಿಶಿನವನ್ನು ಮೂರು ಗಾಜಿನ ಲೋಟಗಳಿಗೆ ಹಂಚಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ, ಮತ್ತೊಂದಕ್ಕೆ ಕೊರೊನಾ ಕಾಲದಲ್ಲಿ ಕೈಗೆ ಹಚ್ಚಿಕೊಂಡು ಉಳಿದಿದ್ದ ಸ್ಪಿರಿಟ್ಟು ಸುರಿದು ಕಲಕಿದರೆ, ಹಗಲು ಬೆಳಕಿನಲ್ಲಿ ಮೂರೂ ಹಳದಿಯಾಗಿಯೇ ಕಾಣುತ್ತವೆ. ಇದರಲ್ಲೇನು ವಿಶೇಷ ಎಂದು ನೀವು ಕೇಳುವುದು ನ್ಯಾಯವೇ. ನಮ್ಮ ಮನೆಯಲ್ಲೂ ಆ ಪ್ರಶ್ನೆ ಎದ್ದಿತು. ಆದರೆ ಅವೇ ಲೋಟಗಳನ್ನು ಸ್ಟೋರ್ ರೂಮಿಗೆ ಒಯ್ದು, ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಸಾಲಾಗಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಖೋಟಾ ನೋಟು ಪತ್ತೆ ಹಚ್ಚುವ ನೇರಳೆ ಟಾರ್ಚನ್ನು ಹಾಯಿಸಿದರೆ, ಎಣ್ಣೆಯ ಲೋಟ ಎಳೆಹಸಿರಾಗಿ ಬೆಳಗುತ್ತದೆ. ಸ್ಪಿರಿಟ್ಟಿನದು ಹಳದಿಯ ಕಡೆ ವಾಲಿದ ಹಸಿರಾಗಿ ಉರಿಯುತ್ತದೆ. ನೀರಿನ ಲೋಟ ಮಾತ್ರ ತನಗೂ ಈ ಸಂಭ್ರಮಕ್ಕೂ ಸಂಬಂಧವೇ ಇಲ್ಲವೆಂಬಂತೆ ಮಂಕಾಗಿ ಕೂತಿರುತ್ತದೆ. ಟಾರ್ಚನ್ನು ನಾನು ಜಯನಗರದ ಫುಟ್‌ಪಾತಿನಲ್ಲಿ ಕೊಂಡದ್ದು. ನಿವೃತ್ತನಾದವನ ಕೈಗೆ ಪರೀಕ್ಷಿಸಿ ನೋಡುವಷ್ಟು ನೋಟುಗಳು ಬರುವುದಿಲ್ಲವಾದ್ದರಿಂದ ಅದು ಅರಿಶಿನದ ಪಾಲಾಯಿತು.

"ಏನ್ರೀ ಮಾಡ್ತಿದೀರಾ ಬಾಗ್ಲು ಹಾಕ್ಕೊಂಡು? ನಾನು ಅಕ್ಕಿ ತಗೋಬೇಕು" ಎಂದು ಹೊರಗಿನಿಂದ ಶಾರದಾ ಕೇಳಿದಳು. ಶಾರದಾ ನನ್ನ ಹೆಂಡತಿ. ಪದ್ಮನಾಭನಗರದ ಈ ಎರಡನೇ ಮಹಡಿಯ ಮನೆಯಲ್ಲಿ ನಾವಿಬ್ಬರೇ. ನಾನು ಹೋದ ವರ್ಷದವರೆಗೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದವನು. ಬೋರ್ಡಿನ ಮೇಲೆ ಸಾವಿರ ಸಲ ಬರೆದಿದ್ದ ಈ ಸಂಗತಿಯನ್ನು ಕಣ್ಣಾರೆ ನೋಡಲು ನನಗೆ ಪೆನ್ಷನ್ ಬರುವವರೆಗೂ ಪುರುಸೊತ್ತಾಗಿರಲಿಲ್ಲ.

ಸಂಗತಿ ಇಷ್ಟೇ. ಅರಿಶಿನದ ಬಣ್ಣಕ್ಕೆ ಕಾರಣವಾದ ಅಣು ಬೆಳಕನ್ನು ಹೀರುತ್ತದೆ, ಸ್ವಲ್ಪ ಇಟ್ಟುಕೊಂಡು, ಮತ್ತೆ ಬೆಳಕಾಗಿ ಹೊರಗೆ ಬಿಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹೀರುವ ಕೆಲಸ ಎಷ್ಟು ಕ್ಷಿಪ್ರವೆಂದರೆ ಸುತ್ತ ನೆರೆದಿರುವ ದ್ರಾವಕದ, ಅಂದರೆ ಕರಗಿಸಿಕೊಳ್ಳುವ ದ್ರವದ, ಅಣುಗಳಿಗೆ ಮೈ ಅಲುಗಿಸಲೂ ಬಿಡುವಿರುವುದಿಲ್ಲ. ಆದ್ದರಿಂದ ಹೀರಿಕೆಯ ಮಟ್ಟಿಗೆ ಎಣ್ಣೆಯಾದರೂ ಸ್ಪಿರಿಟ್ಟಾದರೂ ಹೆಚ್ಚುಕಡಿಮೆ ಒಂದೇ. ಹೀರಿದ ಮೇಲೆ ಮಾತ್ರ ಅಣು ಮೊದಲಿನಂತಿರುವುದಿಲ್ಲ. ಅದರ ಒಳಗಿನ ವಿದ್ಯುದಂಶ ಒಂದು ಬದಿಗೆ ಸರಿದು ಅದು ಉದ್ರಿಕ್ತವಾಗಿರುತ್ತದೆ. ಸ್ಪಿರಿಟ್ಟಿನ ಅಣುಗಳು ಇದನ್ನು ಕಂಡು, ಒಂದೊಂದಾಗಿ ಅದರ ಕಡೆ ತಿರುಗಿ, ಕೂರಿಸಿ, ಫ್ಯಾನು ಹಾಕಿ, ಸಮಾಧಾನ ಮಾಡುತ್ತವೆ. ಆ ಉಪಚಾರದಲ್ಲಿ ಉದ್ರೇಕದ ಒಂದು ಪಾಲು ಕರಗಿ, ಉಳಿದದ್ದಷ್ಟೇ ಬೆಳಕಾಗುವುದರಿಂದ ಬಣ್ಣ ಕೆಂಪಿನ ದಿಕ್ಕಿಗೆ ಕೊಂಚ ಸರಿಯುತ್ತದೆ. ಎಣ್ಣೆಗೆ ಇಂಥ ಉಪಚಾರ ಗೊತ್ತಿಲ್ಲ. ಬಂದ ಬೆಳಕು ಹೆಚ್ಚು ಸವೆಯದೆ ಹೊರಡುತ್ತದೆ. ಇನ್ನು ನೀರು. ಅದು ಈ ಅಣುವನ್ನು ನೆಟ್ಟಗೆ ಕರಗಿಸಿಕೊಳ್ಳುವುದೂ ಇಲ್ಲ, ಕರಗಿದ ಚೂರುಪಾರಿನ ಕೈಕಾಲು ಹಿಡಿದು ಉದ್ರೇಕವನ್ನೆಲ್ಲ ಬರಿಯ ಶಾಖವಾಗಿ ಇಳಿಸಿಬಿಡುತ್ತದೆ. ಹೀರಿದ್ದುಂಟು, ಬೆಳಗಿದ್ದಿಲ್ಲ. ಈ ವಾಕ್ಯವನ್ನು ತರಗತಿಯಲ್ಲಿ ಹೇಳುವಾಗ ನನಗೆ ಎಂದೂ ಸಂಕಟವಾದದ್ದಿಲ್ಲ.

ಸಂಕಟ ಶುರುವಾದದ್ದು ಯಡಿಯೂರು ಕೆರೆಯ ದಂಡೆಯಲ್ಲಿ.

ಶಾರದಾ ಬೆಳಗ್ಗೆ ಕೆರೆಯ ಸುತ್ತ ವಾಕಿಂಗ್ ಹೋಗುತ್ತಾಳೆ. ಅಲ್ಲಿ ಅವಳದೊಂದು ಹೆಂಗಸರ ಗುಂಪಿದೆ. ಒಂದು ದಿನ ಫೋನು ಮರೆತು ಹೋದಳೆಂದು ನಾನು ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಗೇಟು ದಾಟುವಾಗಲೇ ಒಂದು ನಗು ಕೇಳಿಸಿತು. ಸಂಕೋಚವಿಲ್ಲದ, ಹೊಟ್ಟೆಯಾಳದಿಂದ ಎದ್ದು ಮಧ್ಯದಲ್ಲಿ ಉಸಿರು ಕಟ್ಟಿ ಮತ್ತೆ ಹೊರಡುವಂಥ ನಗು. ಯಾರಪ್ಪಾ ಈ ಪುಣ್ಯಾತ್ಗಿತ್ತಿ, ಇವಳ ಮನೆಯವರು ಅದೃಷ್ಟವಂತರು ಎಂದುಕೊಂಡು ಬಳಸಿ ಬಂದು ನೋಡುತ್ತೇನೆ, ಕಲ್ಲುಬೆಂಚಿನ ಮುಂದೆ ನಿಂತು ಕೈ ಆಡಿಸುತ್ತ ಏನೋ ಹೇಳಿ ತಾನೇ ನಗುತ್ತಿರುವವಳು ಶಾರದಾ. ನನ್ನನ್ನು ಕಂಡದ್ದೇ ತಡ, ನಗು ನಿಂತಿತು. ದೀಪ ಆರಿಸಿದಷ್ಟು ಚೊಕ್ಕವಾಗಿ ನಿಂತಿತು.

"ಯಾಕ್ ಬಂದ್ರಿ?" ಎಂದಳು.

"ಫೋನು."

"ಹೂಂ, ಕೊಡಿ."

ಗುಂಪಿನಲ್ಲಿ ಹಿರಿಯರಾದ ಗಿರಿಜಮ್ಮ, "ಬನ್ನಿ ಸಾರ್, ನೀವೂ ಕೂತ್ಕೊಳ್ಳಿ" ಎಂದು ಉಪಚಾರಕ್ಕೆ ಕರೆದರು. ಉಳಿದವರು ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡು ಕೆರೆಯ ಬಾತುಕೋಳಿಗಳನ್ನು ಆಸಕ್ತಿಯಿಂದ ನೋಡತೊಡಗಿದರು. ಅಲ್ಲಿಂದ ಹೊರಟವನು ಮನೆಯ ತಿರುವು ಬಿಟ್ಟು ನೇರ ಬನಶಂಕರಿ ದೇವಸ್ಥಾನದವರೆಗೂ ಹೋಗಿ, ಬಂದದ್ದಕ್ಕೆ ಒಂದು ಕೈ ಮುಗಿದು ಹಿಂದಿರುಗಿದೆ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ನಗು ನನಗೆ ಗುರುತೇ ಸಿಕ್ಕಿರಲಿಲ್ಲ.

ಏಕೆಂದರೆ ಮನೆಯಲ್ಲಿ ಶಾರದಾಳ ಮಾತು 'ಹೂಂ' ಎಂಬ ಒಂದಕ್ಷರದ ಆಚೆಗೆ ಹೋಗುವುದು ಅಪರೂಪ. ನಾನು ಪತ್ರಿಕೆ ಓದಿ ಹಣದುಬ್ಬರವನ್ನು ವಿಶ್ಲೇಷಿಸಿದರೆ ಹೂಂ. ಕುಕ್ಕರಿನ ಒತ್ತಡಕ್ಕೂ ಕುದಿಬಿಂದುವಿಗೂ ಇರುವ ನಂಟನ್ನು ಬಿಡಿಸಿ ಹೇಳಿದರೆ ಹೂಂ. ಅದನ್ನು ಸಮ್ಮತಿಯೆಂದು, ಕೆಲವೊಮ್ಮೆ ಮೆಚ್ಚುಗೆಯೆಂದೂ ತಿಳಿದು ನಾನು ಸುಖವಾಗಿದ್ದೆ. ಈಗ ನಿವೃತ್ತನ ಕಣ್ಣಿನಿಂದ ಗಮನಿಸಿದರೆ, ತಳ್ಳುಗಾಡಿಯ ಸೊಪ್ಪಿನವನ ಮುಂದೆ ಅವಳದು ಒಂದು ಬಣ್ಣ. ಹಾಸನದಿಂದ ಅವಳ ತಮ್ಮ ಫೋನು ಮಾಡಿದರೆ ಇನ್ನೊಂದು. ಕೆರೆಯ ದಂಡೆಯಲ್ಲಂತೂ ಕಣ್ಣು ಕುಕ್ಕುವ ಕಾಂತಿ. ನನ್ನ ಎದುರಿಗೆ ಬಂದಾಗಲೇ ಮಂಕು. ಹಾಗಾದರೆ ನಾನು ಯಾವ ಲೋಟದಲ್ಲಿರುವ ದ್ರವ ಎಂಬ ಪ್ರಶ್ನೆ ನನ್ನನ್ನು ಅನ್ನ ಸಾರಿನ ನಡುವೆಯೂ ಬಿಡಲಿಲ್ಲ.

ಹಾಗೆ ನೋಡಿದರೆ ನಾನೇನು ಎಲ್ಲ ಕಡೆ ಒಂದೇ ಬಣ್ಣದವನೇ? ತರಗತಿಯಲ್ಲಿ ಸಿಂಹವಾಗಿದ್ದವನು ಬನಶಂಕರಿ ಬಸ್ ನಿಲ್ದಾಣದಲ್ಲಿ "ಅಂಕಲ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ" ಎಂದರೆ ಮರುಮಾತಾಡದೆ ಆ ಕಡೆ ನಿಲ್ಲುತ್ತೇನೆ. ಭಾವಮೈದುನನ ಮನೆಯಲ್ಲಿ ನಾನು ಎಂಥ ಮಿತಭಾಷಿಯೆಂದರೆ ಅವನ ಹೆಂಡತಿಗೆ ನನ್ನ ಆರೋಗ್ಯದ ಬಗ್ಗೆ ಅನುಮಾನವಿದೆ. ಆದರೆ ಇವೆಲ್ಲ ನನಗೆ ಸಮಾಧಾನ ಕೊಡಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ಮಂಕಾದರೆ ನಷ್ಟ ಯಾರಿಗೂ ಇಲ್ಲ. ಶಾರದಾ ಮನೆಯಲ್ಲಿ ಮಂಕಾಗಿದ್ದರೆ, ಮತ್ತು ಅದಕ್ಕೆ ಕಾರಣ ನಾನಾಗಿದ್ದರೆ, ಇನ್ನು ಮುಂದೆ ದಿನವಿಡೀ ಮನೆಯಲ್ಲೇ ಇರುವ ನಾನು ಅವಳಿಗೆ ಏನಾಗುತ್ತೇನೆ? ನನಗೆ ಭಯವಾಯಿತು.

ಭಯವಾದಾಗ ರಸಾಯನಶಾಸ್ತ್ರಜ್ಞ ಮಾಡುವುದು ಒಂದೇ, ಪ್ರಯೋಗ. ಅಣುವನ್ನು ಹಾಗೆಯೇ ಇಟ್ಟು ದ್ರಾವಕವನ್ನು ಬದಲಿಸಿ ನೋಡಬೇಕು. ಕೆರೆಯ ಗುಂಪನ್ನೇ ಮನೆಗೆ ತಂದು ಸುರಿದರೆ ಆ ನಗು ಮನೆಯಲ್ಲೂ ಹೊತ್ತಿಕೊಳ್ಳಬೇಕಲ್ಲವೇ? ಶ್ರಾವಣ ಮಾಸ ಬೇರೆ. ಮರುದಿನ ಗುಂಪು ಚದುರುವ ವೇಳೆಗೆ ಗೇಟಿನ ಬಳಿ ಕಾದಿದ್ದು, ಶಾರದಾ ಆಟೊ ಹತ್ತಿದ ಮೇಲೆ, ಉಳಿದವರನ್ನೆಲ್ಲ ತಡೆದು ಕೈ ಜೋಡಿಸಿ, "ಶುಕ್ರವಾರ ಸಾಯಂಕಾಲ ಎಲ್ಲರೂ ನಮ್ಮ ಮನೆಗೆ ಅರಿಶಿನ-ಕುಂಕುಮಕ್ಕೆ ಬರಬೇಕು" ಎಂದೆ. ಗಿರಿಜಮ್ಮ ನನ್ನ ಮುಖವನ್ನೂ ಹಣೆಯನ್ನೂ ಎರಡೆರಡು ಸಲ ನೋಡಿದರು. "ಆಗ್ಲಿ ಸಾರ್" ಎಂದರು, ತೊದಲುತ್ತ.

ಸಂಜೆಯೊಳಗೆ ಅವರು ಶಾರದಾಗೆ ಫೋನು ಮಾಡಿ ಎಷ್ಟು ಗಂಟೆಗೆ ಬರಬೇಕೆಂದು ವಿಚಾರಿಸಿದರು. ಫೋನು ಇಟ್ಟು ಅವಳು ಅಡುಗೆಮನೆಯಿಂದ ಹೊರಬಂದ ರೀತಿಯನ್ನು ನಾನು ಬಹುಕಾಲ ಮರೆಯಲಾರೆ.

"ಅರಿಶಿನ-ಕುಂಕುಮಕ್ಕೆ ಗಂಡಸ್ರು ಕರೀತಾರೇನ್ರೀ ಎಲ್ಲಾದ್ರೂ? ಮನೇಲಿ ನಾನಿಲ್ವಾ? ಅವ್ರು ಏನಂದ್ಕೊಂಡಿರ್ತಾರೆ?"

ನಾನು ದ್ರಾವಕದ ವಿಷಯ ಎತ್ತಲಿಲ್ಲ. ಕಡಲೆಬೇಳೆ ನೆನೆಹಾಕಲೇ ಎಂದು ಕೇಳಿದೆ. ಹೂಂ ಎಂದಳು.

ಶುಕ್ರವಾರ ಎಲ್ಲರೂ ಬಂದರು. ಶಾರದಾ ರೇಷ್ಮೆ ಸೀರೆ ಉಟ್ಟು, ಕೋಸಂಬರಿ ಹಂಚಿ, ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನ ಇಟ್ಟಳು. ಬಂದವರು ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಮೆಟ್ರೊ ಬಂದ ಮೇಲೆ ಎಷ್ಟು ಅನುಕೂಲ, ತರಕಾರಿ ಎಷ್ಟು ತುಟ್ಟಿ ಎಂದು ಸರದಿಯ ಮೇಲೆ ಮಾತಾಡಿದರು. ನಗುವಿನ ಸುಳಿವಿಲ್ಲ. ಪ್ರಯೋಗ ಕೆಟ್ಟದ್ದು ಎಲ್ಲಿ ಎಂದು ನಾನು ಮೂಲೆಯ ಕುರ್ಚಿಯಲ್ಲಿ ಪತ್ರಿಕೆಯ ಮರೆಯಿಂದ ಯೋಚಿಸಿಯೇ ಯೋಚಿಸಿದೆ. ದ್ರಾವಕವನ್ನು ಬದಲಿಸಿದ್ದೆ, ಕಲ್ಮಷವನ್ನು ತೆಗೆದಿರಲಿಲ್ಲ. ಕಲ್ಮಷ ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿತ್ತು. ಕೊನೆಗೆ ಗಿರಿಜಮ್ಮನವರೇ ಮನಸ್ಸು ಮಾಡಿ, "ಸಾರ್, ನಿಮ್ಗೆ ಬೇಜಾರಾಗುತ್ತೆ, ಒಂದ್ ರೌಂಡ್ ಹೋಗ್ಬನ್ನಿ" ಎಂದರು.

ಕೆಳಗಿಳಿದೆ. ಮಳೆ ಹನಿಯುತ್ತಿತ್ತು. ಛತ್ರಿ ನಮ್ಮ ಬಾಗಿಲ ಹೊರಗಿನ ಗೂಟದಲ್ಲೇ ಇರುವುದು ನೆನಪಾಗಿ ಮತ್ತೆ ಮೆಟ್ಟಿಲು ಹತ್ತಿದೆ. ಕೊನೆಯ ತಿರುವಿಗೆ ಬರುವಾಗ ಆ ನಗು ಕೇಳಿಸಿತು. ನನ್ನ ಮನೆಯಿಂದ, ನನ್ನ ಬಾಗಿಲಿನ ಸಂದಿಯಿಂದ ಬರುತ್ತಿತ್ತು. ಅದರ ಹಿಂದೆಯೇ ಒಂದು ಗಂಡಸಿನ ಧ್ವನಿ.

"ಶಾರದಾ, ಇಲ್ಲೊಂದು ಸೂಕ್ಷ್ಮ ಇದೆ. ಹಾಲು ಉಕ್ಕಿದ್ದು ಹಾಲಿನ ದೋಷ ಅಲ್ಲ. ನೀನು ಪಾತ್ರೆ ಆಯ್ಕೆ ಮಾಡಿದ ಕ್ಷಣದಲ್ಲೇ ಅದು ಉಕ್ಕೋದು ಖಚಿತ ಆಗಿತ್ತು."

ಆ ಧ್ವನಿ ನನ್ನದು. ಗಂಟಲು ಸರಿಮಾಡಿಕೊಳ್ಳುವ ನನ್ನ ಕೆಮ್ಮು, 'ಸೂಕ್ಷ್ಮ' ಎನ್ನುವಾಗ ನಾನು ಎಳೆಯುವ ರಾಗ, ಎಲ್ಲ ಅಚ್ಚುಕಟ್ಟಾಗಿತ್ತು. ಹೇಳುತ್ತಿದ್ದವಳು ಮಾತ್ರ ಶಾರದಾ. ಒಳಗೆ ಒಬ್ಬರು "ಸಾಕು ಕಣ್ರೀ, ಹೊಟ್ಟೆ ನೋಯ್ತಿದೆ" ಎಂದರು. "ಲಾಲ್‌ಬಾಗ್‌ದು ಹೇಳಿ, ಲಾಲ್‌ಬಾಗ್‌ದು" ಎಂದು ಇನ್ನೊಬ್ಬರು ಒತ್ತಾಯಿಸಿದರು. ಅವಳು ಶುರುಮಾಡಿದಳು. ಮದುವೆಯಾದ ಹೊಸದರಲ್ಲಿ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದಾಗ, ಸಂಜೆಯ ಆಕಾಶ ಏಕೆ ಕೆಂಪಾಗುತ್ತದೆಂದು ಹೊಸ ಹೆಂಡತಿಗೆ ನಾನು ಕೊಟ್ಟಿದ್ದ ಉಪನ್ಯಾಸವದು. ನಾನೇ ಮರೆತಿದ್ದೆ. ಅವಳು ಒಂದು ಪದ ಬಿಟ್ಟಿರಲಿಲ್ಲ. ಮಧ್ಯದಲ್ಲಿ ನಾನು ಕನ್ನಡಕ ಒರೆಸಿಕೊಂಡದ್ದು, ಅಷ್ಟರಲ್ಲಿ ಸೂರ್ಯ ಮುಳುಗಿಯೇ ಹೋದದ್ದು, "ಪರವಾಗಿಲ್ಲ, ನಾಳೆಯೂ ಇದೇ ತತ್ವ" ಎಂದು ನಾನು ಸಮಾಧಾನ ಹೇಳಿದ್ದು, ಎಲ್ಲವೂ ಇತ್ತು. ಆ ದಿನ ಅವಳು ಅದಕ್ಕೆಲ್ಲ ಹೂಂ ಎಂದಷ್ಟೇ ಅಂದಿದ್ದಳು.

ಮೆಟ್ಟಿಲ ಮೇಲೆ ನಿಂತವನಿಗೆ ಅವಮಾನವಾಯಿತು. ಕೋಪವೂ ಬಂತು. ಅವೆರಡರ ಕೆಳಗೆ, ಕಾರಣ ಗೊತ್ತಾಗದ ಒಂದು ಸಂತೋಷ ನುಗ್ಗಿ ಬಂದು ಕಣ್ಣು ಮಂಜಾಯಿತು. ನೀರಿನಲ್ಲಿ ಆರಿಹೋಯಿತೆಂದು ನಾನು ಅಂದುಕೊಂಡ ಬೆಳಕನ್ನೆಲ್ಲ ಇವಳು ಹೀರಿ ಇಟ್ಟುಕೊಂಡು, ಕೆರೆಯ ದಂಡೆಯಲ್ಲಿ ಬೇರೆಯ ಬಣ್ಣದಲ್ಲಿ ಬಿಡುತ್ತಿದ್ದಳೇ? ಅಥವಾ ಇದು ಬರಿಯ ಗೇಲಿಯೇ? ಗೇಲಿಯಾದರೆ ಇಷ್ಟು ವರ್ಷ ಇಷ್ಟು ಜೋಪಾನವಾಗಿ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಅಣುಗಳು ಕೋಟ್ಯಂತರ ಇರುವುದರಿಂದ ಸರಾಸರಿಯ ಮೇಲೆ ಏನಾದರೂ ಹೇಳಬಹುದು. ಶಾರದಾ ಇರುವುದು ಒಬ್ಬಳು. ನಾನು ಸದ್ದಿಲ್ಲದೆ ಛತ್ರಿ ತೆಗೆದುಕೊಂಡು ಕೆಳಗಿಳಿದು, ಅದನ್ನು ಬಿಚ್ಚುವುದನ್ನು ಮರೆತು, ನೆನೆಯುತ್ತ ಮೂರು ರಸ್ತೆ ಸುತ್ತಿದೆ.

ಹಿಂದಿರುಗುವಷ್ಟರಲ್ಲಿ ಎಲ್ಲರೂ ಹೋಗಿದ್ದರು. ನನ್ನ ಪಾಲಿನ ಕೋಸಂಬರಿ ಮುಚ್ಚಿಟ್ಟಿತ್ತು. ಶಾರದಾ ಟವೆಲು ಕೊಟ್ಟಳು. ತಲೆ ಒರೆಸಿಕೊಂಡು, "ಒಂದ್ ನಿಮಿಷ ಬಾ, ಏನೋ ತೋರಿಸ್ತೀನಿ" ಎಂದು ಅವಳನ್ನು ಸ್ಟೋರ್ ರೂಮಿಗೆ ಕರೆದೊಯ್ದು ಬಾಗಿಲು ಹಾಕಿ ಟಾರ್ಚು ಬಿಟ್ಟೆ. ಎಣ್ಣೆ, ಸ್ಪಿರಿಟ್ಟು, ನೀರು. ಯಾವುದು ಏಕೆ ಹಾಗೆ ಎಂದು ವಿವರಿಸಿದೆ. ಅಭ್ಯಾಸಬಲದಿಂದ ದೀರ್ಘವಾಗಿಯೇ ವಿವರಿಸಿದೆ.

"ಹೂಂ" ಎಂದಳು. ಆಮೇಲೆ, "ಒಂದ್ ಛತ್ರಿ ತಗೊಂಡ್ ಹೋಗಕ್ಕೆ ಅಷ್ಟು ಹೊತ್ತು ಬೇಕಾ ನಿಮ್ಗೆ?" ಎಂದಳು.

ನಾನು ಬರಿಗೈಯಲ್ಲಿ ಇಳಿದದ್ದನ್ನು ನೋಡಿದ್ದವಳಿಗೆ, ಬಂದವರನ್ನು ಕಳುಹಿಸಲು ಬಾಗಿಲು ತೆರೆದಾಗ ಖಾಲಿ ಗೂಟ ಕಣ್ಣಿಗೆ ಬಿದ್ದು, ನಾನು ಮರಳಿ ಬಂದು ಬಾಗಿಲ ಹೊರಗೆ ಎಲ್ಲ ಕೇಳಿಸಿಕೊಂಡದ್ದು ಗೊತ್ತಾಗಿರಬೇಕು.

"ಹೆಪ್ಪು ಹಾಕಕ್ಕೆ ಲೋಟ ಬೇಕು, ಇದನ್ನೆಲ್ಲ ನೆನೆಹಾಕ್ತೀನಿ" ಎಂದು ಅವಳು ಬಾಗಿಲು ಕೊಂಚ ಸರಿಸಿ, ಹೊರಗಿನ ಸಿಂಕಿನ ಬಳಿಯಿಂದ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಎಟುಕಿಸಿ, ಕೈಗೆ ಸಿಕ್ಕ ನೀರಿನ ಲೋಟಕ್ಕೆ ಒತ್ತಿ ಚಮಚದಿಂದ ಕಲಕಿದಳು. ನನ್ನ ಕೈಯ ಟಾರ್ಚು ಆರಿರಲಿಲ್ಲ. ತಳದಲ್ಲಿ ಕೂತಿದ್ದ ಅರಿಶಿನ ಮೇಲೆದ್ದು, ಅಷ್ಟು ದಿನ ಮಂಕಾಗಿದ್ದ ಆ ನೀರು ಅಂಚಿನಿಂದ ನಿಧಾನವಾಗಿ ಹಸಿರಾಗಿ ಬೆಳಗತೊಡಗಿತು. ಸೋಪಿನ ಅಣುಗಳು ಅರಿಶಿನವನ್ನು ನೀರಿನ ಹಿಡಿತದಿಂದ ಬಿಡಿಸಿ ಒಳಗೆ ಕೂರಿಸಿಕೊಳ್ಳುವುದರಿಂದ ಹೀಗಾಗುತ್ತದೆ ಎಂದು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ.

"ಶಾರದಾ, ಇಲ್ಲೊಂದು ಸೂಕ್ಷ್ಮ ಇದೆ" ಎಂದು ನನ್ನದೇ ಧ್ವನಿ ನನ್ನ ಪಕ್ಕದಿಂದ ಬಂತು. ಹಿಂದೆಯೇ ಆ ನಗು, ಮಧ್ಯದಲ್ಲಿ ಉಸಿರು ಕಟ್ಟಿ ಮತ್ತೆ ಹೊರಡುವ ನಗು, ಅಕ್ಕಿ ಡಬ್ಬಕ್ಕೂ ನನಗೂ ನಡುವಿನ ಅಷ್ಟೇ ಜಾಗದಲ್ಲಿ. ನಾನು ಮೂರು ಲೋಟಗಳಲ್ಲಿ ಯಾವುದೆಂದು ನನಗೆ ಈಗಲೂ ಗೊತ್ತಿಲ್ಲ. ಅವಳು ನಗುವಾಗ ಹೇಗೆ ಕಾಣುತ್ತಾಳೆಂದು ನೋಡುವ ಆಸೆಯಿಂದ ಟಾರ್ಚು ಎತ್ತಿದೆ.

"ಅದನ್ನ ಕಣ್ಣಿಗೆ ಬಿಡ್ಬೇಡಿ" ಎಂದಳು, ಇನ್ನೂ ನಗುತ್ತ. "ಲೈಟ್ ಹಾಕಿ, ನೋಡಿ."