ಷೋಕೇಸಿನ ಕಾರ್ಡು

ದಾನೇಶ್ವರಿಯ ಮನೆಯವರು ಅವಳಿಗೆ ಯಾವುದಕ್ಕೂ ಬೇಡ ಅಂದವರಲ್ಲ. ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಭತ್ತದ ಅಂಗಡಿ ಇಟ್ಟಿರುವ ಮಾವ ಕರಿಬಸಪ್ಪ ಇದನ್ನು ಬಂದವರಿಗೆಲ್ಲ ಹೇಳುತ್ತಾರೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಸೊಸೆ ಅಡುಗೆ, ಪಾತ್ರೆ, ಬಟ್ಟೆ, ಅತ್ತೆಯ ಮೊಣಕಾಲಿಗೆ ಎಣ್ಣೆ, ಇಷ್ಟು ಮುಗಿಸಿ ಏನು ಬೇಕಾದರೂ ಮಾಡಿಕೊಳ್ಳಬಹುದು.

ಅವಳು ಮಾಡಿಕೊಂಡದ್ದು ಒಂದು ಕಾರ್ಡು. ಗೆಳತಿ ನಗ್ಮಾ ಲಿಂಗಸುಗೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ನಡೆಸುತ್ತಾಳೆ. ಅಲ್ಲಿ ದಾನೇಶ್ವರಿ ಭಾಗಭಾಗವಾಗಿ ಬಿಚ್ಚಿ ಬದಲಿಸಬಹುದಾದ ಲ್ಯಾಪ್‌ಟಾಪೊಂದನ್ನು ನೋಡಿದ್ದಳು. ಅದರ ಪಕ್ಕಗಳಲ್ಲಿ ಪುಟ್ಟ ಗೂಡುಗಳು; ಬೇಕಾದ ಕಾರ್ಡನ್ನು ಒಳಗೆ ತಳ್ಳಿದರಾಯಿತು. ಮೈಕ್ರೋಕಂಟ್ರೋಲರ್ ಚಿಪ್ಪೊಂದನ್ನು ಅಂಥ ಕಾರ್ಡಿನಲ್ಲಿ ಕೂರಿಸಿದರೆ, ಭತ್ತದ ತೇವ ಅಳೆಯುವ ಸೆನ್ಸರನ್ನು ನೇರ ಲ್ಯಾಪ್‌ಟಾಪಿಗೇ ಜೋಡಿಸಬಹುದು ಎನ್ನಿಸಿತು. ಆ ಇಕ್ಕಟ್ಟಿನಲ್ಲಿ ಎಲ್ಲ ಹಿಡಿಸಲು ಕುಕ್ಕರಿನ ಎರಡು ಸೀಟಿಗಳ ನಡುವೆ, ಬಟ್ಟೆ ಒಣಗುವ ಹೊತ್ತಿನಲ್ಲಿ, ವರ್ಷವಿಡೀ ಕಾರ್ಡಿನ ನಕ್ಷೆ ತಿದ್ದಿದಳು. ಕಳಿಸಿಕೊಟ್ಟಾಗ ಪುಣೆಯ ಸಣ್ಣ ಕಂಪನಿಯೊಂದು ಅದನ್ನು ಮೆಚ್ಚಿತು. ಸೋಮವಾರದೊಳಗೆ ನಡೆಯುವ ಮಾದರಿಯೊಂದು ಕೈಸೇರಿದರೆ ಮನೆಯಿಂದಲೇ ಮಾಡುವ ನೌಕರಿ ಅವಳದು.

ಚಿಪ್ಪಿನ ಕಾಲುಗಳು ಹೊಟ್ಟೆಯಡಿ ಇರುವುದರಿಂದ ಬೆಸುಗೆ ಕಡ್ಡಿ ಅಲ್ಲಿಗೆ ತಲುಪದು. ಬೆಸುಗೆಯ ಪೇಸ್ಟು ಹಚ್ಚಿ, ಚಿಪ್ಪಿಟ್ಟು, ಇಡೀ ಕಾರ್ಡನ್ನು ಕೆಳಗಿನಿಂದ ಹದವಾಗಿ ಕಾಯಿಸಬೇಕು. ಅದಕ್ಕೆಂದೇ ಒಂದು ಹಳೆಯ ಹಂಚು ತೆಗೆದಿಟ್ಟಿದ್ದಳು. ಮೊದಲ ಪ್ರಯತ್ನದಲ್ಲಿ ಒಂದು ಚಿಪ್ಪು ಸುಟ್ಟುಹೋಗಿತ್ತು, ಉಳಿದದ್ದು ಒಂದೇ.

ಶನಿವಾರ ನಸುಕಿನಲ್ಲೇ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟಳು. ಮಧ್ಯಾಹ್ನ ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ಅವಳ ಹಂಚು. ಬೂದುಬಣ್ಣದ ಪೇಸ್ಟು ಕರಗಿ ಬೆಳ್ಳಗೆ ಹೊಳೆಯತೊಡಗಿತ್ತು. ಈಗ ಹಂಚು ಅಲುಗುವಂತಿರಲಿಲ್ಲ.

ಅಷ್ಟರಲ್ಲಿ ಮಾವ ಬಳಗಾನೂರಿನ ಇಬ್ಬರು ವ್ಯಾಪಾರಿಗಳನ್ನು ಊಟಕ್ಕೆ ಕರೆತಂದರು.

"ದಾನಿ, ನೀರ್ ತಗೊಂಬಾ," ಪಡಸಾಲೆಯಿಂದ ಗಂಡ ಶಿವಕಾಂತ ಕೂಗಿದ.

"ಎರಡ ನಿಮಿಷ ತಡೀರಿ, ಒಲಿ ಮುಂದ ಅದೀನಿ."

"ಮಂದಿ ಬಿಸಲಾಗ ಬಂದಾರ. ಅವರಿಗೂ ತಡೀರಿ ಅಂತ ಹೇಳ್ಲೇನು?"

ಗಡಿಗೆ ಅವನ ಬೆನ್ನ ಹಿಂದೆಯೇ ಇತ್ತು. ಕೈಯಲ್ಲಿ ಮೊಬೈಲು. ಅವಳು ಓಡಿಬಂದು ನೀರು ತುಂಬಿ ಕೊಟ್ಟು ಒಳಗೆ ಓಡಿದಳು.

ಅತ್ತೆ ಕಸ್ತೂರೆಮ್ಮ ಇಕ್ಕಳದಿಂದ ಹಂಚನ್ನು ನೆಲಕ್ಕಿಳಿಸಿ ರೊಟ್ಟಿಯ ಹಂಚು ಏರಿಸಿದ್ದರು. "ಮನಿಗೆ ಬಂದೋರಿಗೆ ಆರಿದ್ ರೊಟ್ಟಿ ಹಾಕಾಕಾಗ್ತದೇನವ್ವ? ನಿಂದು ಆಮ್ಯಾಲ ಕಾಸ್ಕೋ. ಎಲ್ಲಿ ಓಡಿ ಹೊಕ್ಕೈತಿ?"

ಚಿಪ್ಪು ಜಾರಿ ಓರೆಯಾಗಿತ್ತು. ಕರಗಿದ ಬೆಸುಗೆ ಅದರ ಕಾಲುಗಳನ್ನೆಲ್ಲ ಒಂದೇ ಮುದ್ದೆ ಮಾಡಿ ಗಟ್ಟಿಯಾಗಿತ್ತು.

ನಗ್ಮಾಳ ಫೋನು ಬಂತು. "ಏ ದಾನಿ, ಬಸ್ ಹತ್ತಿದೇನು? ಲ್ಯಾಪ್‌ಟಾಪ್ ತಯಾರ್ ಇಟ್ಟೀನಿ. ಟೆಸ್ಟ್ ಮಾಡಿ ಸಂಜಿ ಕೊರಿಯರಿಗೆ ಹಾಕೂಣು."

"ಇಲ್ಲ. ರೊಟ್ಟಿ ಬಡ್ಯಾಕತ್ತೀನಿ."

ನಗ್ಮಾಳಿಗೆ ಅಷ್ಟರಲ್ಲೇ ಅರ್ಥವಾಯಿತು.

ಹೊರಗೆ ಮಾವ ಹೇಳುತ್ತಿದ್ದರು: "ನಮ್ ಸೊಸಿ ಕಂಪ್ಯೂಟರಿನ ಕಾರ್ಡ್ ಮಾಡ್ತಾಳ್ರೀ. ನಾವು ಒಂದಿನ ಬ್ಯಾಡ ಅಂದಿಲ್ಲ. ತಂದು ತೋರ್ಸವ್ವ ದಾನೇಶ್ವರಿ! ಬರೂ ಮುಂದ ಎರಡು ರೊಟ್ಟಿನೂ ತಾ."

ಅವಳು ತಂದಳು. ಎಣ್ಣೆಗಾಯಿ ಹತ್ತಿದ ಬೆರಳುಗಳಲ್ಲಿ ಅವರು ಅದನ್ನು ತಿರುವಿ ನೋಡಿದರು.

"ಭಾಳ ನಾಜೂಕ್ ಐತ್ರೀ," ಎಂದ ಒಬ್ಬ. "ಎಲ್ಲ ಮನಿಯೋರ ಸಪೋರ್ಟಿನ ಮ್ಯಾಲೆ ನಿಂತಿರ್ತೈತಿ ನೋಡ್ರಿ," ಎಂದ ಇನ್ನೊಬ್ಬ. ಶಿವಕಾಂತ ಮೊಬೈಲಿನಿಂದ ತಲೆಯೆತ್ತಿ ನಕ್ಕ.

ಹೊಸ ಚಿಪ್ಪು ಅಂಚೆಯಲ್ಲಿ ಬರುವಷ್ಟರಲ್ಲಿ ಪುಣೆಯವರು ಬೇರೊಬ್ಬನನ್ನು ತೆಗೆದುಕೊಂಡಿದ್ದರು. "ಹೋಗ್ಲಿ ಬಿಡು, ನೌಕರಿ ಮಾಡೂವಂಥಾ ತ್ರಾಸೇನೈತಿ ನಮಗ?" ಎಂದು ಶಿವಕಾಂತ ಸಮಾಧಾನ ಹೇಳಿದ.

ಕಾರ್ಡು ಈಗ ಪಡಸಾಲೆಯ ಷೋಕೇಸಿನಲ್ಲಿ, ಅವನ ಕಾಲೇಜಿನ ಕ್ರಿಕೆಟ್ ಕಪ್ಪಿನ ಪಕ್ಕದಲ್ಲಿದೆ. ವಾರಕ್ಕೊಮ್ಮೆ ಅದರ ಧೂಳು ಒರೆಸುವವಳೂ ಅವಳೇ. ಬಂದವರಿಗೆಲ್ಲ ಮಾವ ಅದನ್ನು ತೆಗೆದು ತೋರಿಸುತ್ತಾರೆ. ಅದು ನಡೆಯುತ್ತದೆಯೇ ಎಂದು ಇದುವರೆಗೆ ಯಾರೂ ಕೇಳಿಲ್ಲ.