ಎಲೆ ಬಿಡದ ದಿನ

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ನಾನು, "ಎಲೆ ಬಿಡ್ತಾ ಕೂತ್ರೆ ಟಪ್ಪಾಲು ತಪ್ಪುತ್ತೆ ಮಾರಾಯ, ಹೊಳೆಗಿಳಿ" ಎಂದೆ.

ಅವನು ನಮ್ಮ ತೋಟದ ಆಳು, ಒಳ್ಳೆ ಈಜುಗಾರ. ಭದ್ರೆ ತುಂಬಿದರೆ ಅವನಿಗೆ ಹಬ್ಬ. ಇಳಿಯುವ ಮೊದಲು ಒಂದು ಹಲಸಿನೆಲೆ ತೇಲಿಬಿಟ್ಟು ನೋಡುತ್ತಿದ್ದ. ಎಲೆ ಸುತ್ತಿ ಮುಳುಗಿದರೆ, "ಇವತ್ತು ಹೊಳೆ ಬ್ಯಾಡ ಅಂತು, ರೈಟ್ರೇ" ಎಂದು ನಗುತ್ತ ಹಿಂದಿರುಗುತ್ತಿದ್ದ.

ದೋಣಿ ನಿಲ್ಲುವ ಮಳೆಗಾಲದಲ್ಲಿ ಟಪ್ಪಾಲು ದಾಟಿಸುವ ಸಂಬಳದ ಕೆಲಸವನ್ನು, ತೋಟದ ದೊರೆಗೆ ಹೇಳಿ ಅವನಿಗೆ ಕೊಡಿಸಿದವನು, ಕಾಲೇಜು ಓದಿ ಬಂದು ಲೆಕ್ಕ ಬರೆಯುತ್ತಿದ್ದ ರೈಟರ್ ನಾನೇ. "ಎಲೆ ಮುಳುಗಿದ ದಿನಾನೂ ಹೋಗ್ಬೇಕಾ?" ಎಂದಷ್ಟೇ ಕೇಳಿದ್ದ. ನಾನು ನಕ್ಕಿದ್ದೆ.

ನಾನು ಅವಸರಪಡಿಸಿದ ಆ ದಿನ ಎಲೆಯನ್ನು ನೀರಿಗೆ ಬಿಡದೆ ಕಿವಿಗೆ ಸಿಕ್ಕಿಸಿಕೊಂಡು ಇಳಿದ. ನಡುಹೊಳೆಯಲ್ಲಿ ಸುಳಿ ಎಳೆಯಿತು. ತಲೆಗೆ ಕಟ್ಟಿದ್ದ ಟಪ್ಪಾಲು ಚೀಲ ತೇಲಿಹೋಯಿತು, ತಲೆ ಕಾಣಲಿಲ್ಲ. ಬಹಳ ಕೆಳಗೆ, ಬಾಗಿದ ಕೊಂಬೆಯೊಂದನ್ನು ಹಿಡಿದು ಬದುಕಿಕೊಂಡ.

"ಬಿಡಿ ರೈಟ್ರೇ, ಹೊಳೇನ ಕೇಳದೆ ಇಳಿದವ ನಾನೇ" ಎಂದ. ಕೆಲಸ ಬಿಟ್ಟ. ಹೊಳೆಯ ಕಡೆಗೂ ಹೋಗಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಆ ಖಾಲಿ ನೀರೇ ಕಾಣುತ್ತಿತ್ತು.

ಮಳೆ ಇಳಿದ ಮೇಲೆ ಒಂದು ಭಾನುವಾರ ಅವನು ಎಲೆ ಹಿಡಿದು ದಡದಲ್ಲಿ ನಿಂತಿದ್ದ. ನನ್ನನ್ನು ಕಂಡು, "ಇವತ್ತು ಅವಸರ ಇಲ್ವಲ್ಲ?" ಎಂದ. ಎಲೆ ನೆಟ್ಟಗೆ ತೇಲಿಹೋಯಿತು. ಅವನು ಆಚೆ ದಡ ಮುಟ್ಟಿ ಕೈ ಬೀಸಿದ.

ಅಂದು ರಾತ್ರಿ ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.