ಮುಗದದ ಅತ್ತೆ

ಇಬ್ರಾಹಿಂ ಕಾಕಾ, ಮುಗದ ಹಳ್ಳಿಯಲ್ಲಿ ನನಗೆ ಅತ್ತೆ ಇರಲಿಲ್ಲ. ಪ್ಲೇಗಿನ ಸೂಜಿ ಹಾಕಿಸಿಕೊಂಡು ತೋಳು ಕಪ್ಪಾಗಿ ಸತ್ತಳೆಂದು ನಾನು ಹೇಳಿದ ಆ ಹೆಂಗಸು — ಅವಳನ್ನು ಹುಟ್ಟಿಸಿದವನೂ ನಾನೇ, ಸಾಯಿಸಿದವನೂ ನಾನೇ. ನಿಮ್ಮ ಮಗಳು ಜೈನಬಳನ್ನೂ... ಮೊದಲಿನಿಂದ ಬರೆಯುತ್ತೇನೆ.

ಆಗ ನಾನು ಧಾರವಾಡದಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಮಾಸ್ತರರು ನಮಗೆ ವಾದ ಮಾಡುವ ವಿದ್ಯೆ ಕಲಿಸುತ್ತಿದ್ದರು. ಆಡುವವನ ಮೇಲೆ ನಂಬಿಗೆ ಹುಟ್ಟಬೇಕು, ಕೇಳುವವರ ಎದೆ ಕಲಕಬೇಕು, ಮಾತಿಗೆ ಕಾರಣ ಇರಬೇಕು — ಮೂರೂ ಕೂಡಿದರೆ ಸಭೆ ನಿನ್ನದು ಎನ್ನುತ್ತಿದ್ದರು. ಪರ ಯಾರು, ವಿರೋಧ ಯಾರು ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಬಂದ ಪಕ್ಷವನ್ನು ನಿನ್ನದೇ ಎಂಬಂತೆ ಆಡಬೇಕು. ಹುಬ್ಬಳ್ಳಿಯಲ್ಲಿ ಪ್ಲೇಗು ತಗುಲಿ ಇಲಿ ಸತ್ತು ಬಿದ್ದ ಸುದ್ದಿ ಬಂದಿತ್ತು. ಹಾಗಾಗಿ ಆ ವರ್ಷದ ಸ್ನೇಹಸಮ್ಮೇಳನಕ್ಕೆ ಇಟ್ಟ ವಿಷಯ, ಪ್ಲೇಗಿನ ಸೂಜಿ ಬೇಕೋ ಬೇಡವೋ. ನನಗೆ ಬಂದ ಚೀಟಿ 'ಬೇಡ'. ಕಾರಣಗಳು ಸಿಗಲಿಲ್ಲ — ನಮ್ಮಪ್ಪ ಹಿಂದಿನ ವಾರವಷ್ಟೇ ನನಗೆ ಸೂಜಿ ಹಾಕಿಸಿದ್ದರು! ಅದಕ್ಕೇ ಭಾಷಣದೊಳಗೆ ಅತ್ತೆಯನ್ನು ಕರೆತಂದೆ. ದೃಷ್ಟಾಂತ, ಕಾಕಾ. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಸಮ್ಮೇಳನದ ಊಟದ ಪಾತ್ರೆಗಳಿಗೆ ಕಲಾಯಿ ಹಾಕಲು ಬಂದಿದ್ದ ನೀವು ಬಾಗಿಲಲ್ಲಿ ನಿಂತು ಕೇಳಿದ್ದಿರಿ. ಬಹುಮಾನ ಹಿಡಿದು ಹೊರಬಿದ್ದ ನನ್ನನ್ನು ತಡೆದಿರಿ.

"ತಮ್ಮಾ, ಅತ್ತಿ ಮಾತು ಖರೇನ? ನಾಳಿ ನಮ್ಮ ಜೈನಬಗ ಸೂಜಿ ಹಾಕಸಬೇಕಂತ ಮಾಡೇನಿ."

ಮಾಸ್ತರರು ಪಕ್ಕದಲ್ಲೇ ಇದ್ದರು. ಸುಳ್ಳೆಂದರೆ ಬಹುಮಾನ ಹೋದೀತು, ಗೆಳೆಯರು ನಕ್ಕಾರು —

"ಖರೇನ ಐತ್ರಿ ಕಾಕಾ," ಎಂದೆ.

ಸ್ವಲ್ಪ ದಿನದಲ್ಲೇ ನಮ್ಮ ಓಣಿಗಳಲ್ಲೂ ಇಲಿ ಬಿದ್ದವು. ಊರ ಹೊರಗೆ ಗುಡಿಸಲು ಹಾಕಿಕೊಂಡು ಇದ್ದಾಗ, ಸೂಜಿ ಹಾಕಿಸದ ಜೈನಬ ಪ್ಲೇಗಿನಿಂದ ಹೋದಳೆಂದು ಕಿವಿಗೆ ಬಿತ್ತು. ನಾನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡೆ, ಯಾರಾದರೂ ಸೂಜಿಯ ಗುರುತು ನೋಡಿಯಾರೆಂದು.

ಈಗ ನಾನೂ ಮಾಸ್ತರ, ಅದೇ ವಿದ್ಯೆಯನ್ನು ಮಕ್ಕಳಿಗೆ ಕಲಿಸುತ್ತೇನೆ. ಒಂದು ದೃಷ್ಟಾಂತದಿಂದ ಏನೂ ಸಿದ್ಧವಾಗುವುದಿಲ್ಲ ಎಂದೂ ಹೇಳಿಕೊಡುತ್ತೇನೆ. ದಾರಿಯಲ್ಲಿ ಸಿಕ್ಕರೆ ನೀವೇ ಮೊದಲು ಸಲಾಮು ಮಾಡುತ್ತೀರಿ. "ಸೂಜಿ ಹಾಕಸಿದ್ರೂ ಹೋಗ್ತಿದ್ಲು, ಮಾಸ್ತರ್ರ ಅತ್ತಿ ಹೋಗಲಿಲ್ಲೇನು" ಎಂದು ನೀವು ಸಮಾಧಾನ ಮಾಡಿಕೊಂಡದ್ದು ನನಗೆ ಗೊತ್ತು. ಆ ಸಮಾಧಾನ ಕಿತ್ತುಕೊಳ್ಳಲು ಅಂಜಿದೆ — ಅಲ್ಲ, ಇದೂ ಪೂರ್ತಿ ನಿಜವಲ್ಲ. ನಿಮ್ಮ ಮುಖ ನೋಡಲು ಅಂಜಿದೆ.

ಮತ್ತೆ ಇಲಿ ಬಿದ್ದಿವೆ. ನಿನ್ನೆ ನಿಮ್ಮ ಸೊಸೆ ಕೂಸನ್ನೆತ್ತಿಕೊಂಡು ನಮ್ಮ ಮನೆಗೆ ಬಂದಳು.

"ಕೂಸಿಗೆ ಸೂಜಿ ಬ್ಯಾಡ ಅಂತಾರ್ರಿ ಮಾವಾರು. ಬೇಕಾದ್ರ ಮಾಸ್ತರ್ನ ಕೇಳು ಅಂದ್ರು."

"ಹಾಕಸವ್ವಾ, ಲಗೂ ಹಾಕಸು," ಎಂದೆ.

"ಮತ್ತ ನಿಮ್ಮ ಅತ್ತಿ?"

ನಾನು ಅಂಗಿಯ ತೋಳನ್ನು ಮತ್ತೆ ಮಣಿಕಟ್ಟಿಗೆ ಎಳೆದುಕೊಂಡೆ. ಇಷ್ಟು ವರ್ಷದ ಮೇಲೂ, ಕೂಸು ಕಣ್ಣೆದುರಿಗಿದ್ದರೂ. ಆಕೆ ಹೊರಟುಹೋದಳು.

ಇದನ್ನು ಬರೆದದ್ದು ನಿಮಗೆ ಓದಿ ಹೇಳಲಿಕ್ಕಲ್ಲ. ಬಾಯಿ ತೆರೆದರೆ ಮಾತು ಮತ್ತೆ ಚಂದವಾದೀತೆಂಬ ಭಯಕ್ಕೆ ಮೊದಲು ಬರೆದೆ. ನಿಮ್ಮ ಮುಂದೆ ಅಳುವುದಿಲ್ಲ, ಆಗ ಹುಡುಗನಾಗಿದ್ದೆ ಎನ್ನುವುದಿಲ್ಲ. ನಿಮ್ಮ ಮನೆಗೆ ಬರಲು ಚಪ್ಪಲಿ ಮೆಟ್ಟಿದ್ದೇನೆ. ಅತ್ತೆ ಇರಲಿಲ್ಲ, ನನಗೆ ಸೂಜಿ ಹಾಕಿಸಿದ್ದರು — ಇಷ್ಟನ್ನೇ ಹೇಳುತ್ತೇನೆ. ನೀವು ಕೂಸನ್ನು ದವಾಖಾನೆಗೆ ಕರೆದೊಯ್ದು ತಿರುಗಿ ಬರುವವರೆಗೂ ನಿಮ್ಮ ಬಾಗಿಲಲ್ಲೇ ಇರುತ್ತೇನೆ. ಬಂದ ಮೇಲೆ ಜೈನಬಳ ಹೆಸರು ಹಿಡಿದು ಏನು ಅಂದರೂ ನಿಂತು ಕೇಳುತ್ತೇನೆ, ಕಾಕಾ.